ಒಂದು ಕೆಂಡ

“ಗುರುಗಳೇ, ಕೇಡು ಮಾಡಿದವನಿಗೆ ಕರುಣೆ ತೋರಿದರೆ ಅವನಿಂದ ನೊಂದವರಿಗೆ ಅನ್ಯಾಯವಾಗುವುದಿಲ್ಲವೇ?” ಎಂದು ಗುರುಪಾದನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಬೇಲಿಯ ಜಗಳದಲ್ಲಿ ಹಟ ಹಿಡಿದ ನೆರೆಯವನೊಬ್ಬ ಕುಂಬಾರನ ಗುಡಿಸಲಿಗೆ ಬೆಂಕಿ ಇಟ್ಟ. ಒಳಗೆ ಕುಂಬಾರನ ತಾಯಿ ಮಲಗಿದ್ದಳು. ಅದು ನೆರೆಯವನಿಗೆ ಗೊತ್ತಿರಲಿಲ್ಲ ಎಂದರು ಕೆಲವರು. ಗೊತ್ತಿತ್ತು ಎಂದರು ಕೆಲವರು. ಮುದುಕಿಯಂತೂ ಉಳಿಯಲಿಲ್ಲ.

ಹನ್ನೆರಡು ವರ್ಷ ಸೆರೆಯಲ್ಲಿದ್ದು ಅವನು ಊರಿಗೆ ಮರಳಿದ. ಮಾಗಿಯ ಕಾಲ. ಮೈಯಲ್ಲಿ ಜ್ವರ. ಹಾಳುಬಿದ್ದ ತನ್ನ ಮನೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿಕೊಂಡ. ಹೊತ್ತಿಸಲು ಬೆಂಕಿ ಇರಲಿಲ್ಲ. ಮನೆಮನೆಗೂ ಹೋಗಿ ಕೇಳಿದ. “ನಿನಗೆ ಬೆಂಕಿ ಕೊಡಬೇಕೋ ಬೇಡವೋ, ಅದನ್ನು ಕುಂಬಾರ ಹೇಳಲಿ” ಎಂದು ಎಲ್ಲರೂ ಬಾಗಿಲು ಮುಚ್ಚಿಕೊಂಡರು.

ಕೊನೆಗೆ ಅವನು ಕುಂಬಾರನ ಅಂಗಳಕ್ಕೆ ಬಂದ. ಮಡಕೆ ಸುಡುವ ಆವಿಗೆ ಉರಿಯುತ್ತಿತ್ತು.

“ಅಣ್ಣಾ, ಒಂದು ಕೆಂಡ ಕೊಡು. ಗಂಜಿ ಕಾಯಿಸಿಕೊಳ್ಳುತ್ತೇನೆ.”

“ನಿನ್ನ ಕೈಗೆ ಬೆಂಕಿ! ಅದೂ ನಾನು ಕೊಡಬೇಕೇ?”

ಅವನು ಕೈಮುಗಿದು ಹೊರಟುಹೋದ.

ಕುಂಬಾರ ತಿಗರಿಯ ಮುಂದೆ ಕೂತ. ಮಣ್ಣು ಮಾತು ಕೇಳಲಿಲ್ಲ. ಮುಗಿದ ಆ ಕೈ ಕಣ್ಣಿಂದ ಹೋಗಲಿಲ್ಲ. ಇವನು ಮಾಡಿದ್ದಕ್ಕೆ ನಿಜವಾಗಿ ನೊಂದಿದ್ದಾನೆಯೇ, ಇಲ್ಲ ನಾಟಕವೇ? ನೊಂದಿದ್ದರೆ ಕೊಡಬಹುದು. ನಾಟಕವಾಗಿದ್ದರೆ, ಸತ್ತ ತಾಯಿಗೆ ಏನೆಂದು ಉತ್ತರ ಹೇಳಲಿ? ಒಂದು ದಿನ ಕೊಡಬೇಕೆನಿಸಿತು. ಮರುದಿನ ಬೇಡವೆನಿಸಿತು. ಮೂರನೆಯ ದಿನ ಬೆಳಗ್ಗೆ, ಏನೂ ತೀರ್ಮಾನವಾಗದಿದ್ದರೂ, ಒಡೆದ ಮಡಕೆಯ ಬೋಕಿಯಲ್ಲಿ ನಾಲ್ಕು ಕೆಂಡ ಹಾಕಿಕೊಂಡು ಹೊರಟ.

ಒಲೆಯ ಕಲ್ಲುಗಳು ತಣ್ಣಗಿದ್ದವು. ಮಡಕೆಯ ನೀರಿನಲ್ಲಿ ನುಚ್ಚು ನೆನೆದು ಹುಳಿಬಂದಿತ್ತು. ಪಕ್ಕದಲ್ಲಿ ಅವನು ಮುದುಡಿ ಬಿದ್ದಿದ್ದ. ತುಟಿಗೆ ಹಸಿ ನುಚ್ಚು ಮೆತ್ತಿತ್ತು. ಕುಂಬಾರ ಮುಟ್ಟಿ ನೋಡಿದ. ಮೈ ಆಗಲೇ ಸೆಟೆದಿತ್ತು.

ಊರವರು ಬಂದರು. ಚಿತೆಗೆ ಎಲ್ಲರ ಮನೆಯಿಂದಲೂ ಬೆಂಕಿ ಬಂತು.

ಕುಂಬಾರ ಮುಂದೆಯೂ ಮಡಕೆ ಮಾಡಿದ, ಮಾರಿದ. ಆದರೆ ಮನೆಯಲ್ಲಿ ಗಂಜಿ ಬೇಯುವ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದ. ಸಾಯುವ ತನಕ ಹಾಗೆಯೇ ಇದ್ದ.

ಕತೆ ಮುಗಿಯಿತು. ಗುರುಪಾದನಿಗೆ ಸಮಾಧಾನವಾಗಲಿಲ್ಲ.

“ಬೆಂಕಿ ಇಟ್ಟವನಿಗೆ ಕೊನೆಗೂ ಪಶ್ಚಾತ್ತಾಪವಾಗಿತ್ತೇ, ಗುರುಗಳೇ?”

ಗುರುಗಳೆಂದರು: “ಅವನಿಗೆ ಚಳಿಯಾಗಿತ್ತು.”