ಕೊಟ್ರೇಶ್ ಸರ್ ಕೈಗೆ ಸೀಟಿ ಬಂದದ್ದು

"ವಾಲಿಬಾಲ್ ನಿಯಮ ನನ್ನಷ್ಟು ತಿಳಿದವರು ಈ ಜಿಲ್ಲೆಯಲ್ಲೇ ಇಲ್ಲ!"

ಕೆಮಿಸ್ಟ್ರಿ ಮೇಷ್ಟ್ರು ಕೊಟ್ರೇಶ್ ಸರ್ ಹೀಗೆ ಗುಡುಗಿದರೆ ಆಟ ನಿಂತಿತು ಅಂತಲೇ ಲೆಕ್ಕ. ಕಾಲೇಜಿನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಮೇಷ್ಟ್ರು, ಹುಡುಗರು, ಹುಡುಗಿಯರು ಎಲ್ಲ ಸೇರಿ ಖುಷಿಗಾಗಿ ಆಡುವ ಲೀಗ್ ಅದು. ಖುಷಿ ಮಾತ್ರ ಇರಲಿಲ್ಲ. ಸೈನ್ಸ್ ತಂಡದ ನಾಯಕರಾದ ಕೊಟ್ರೇಶ್ ಸರ್ ಜೇಬಿನಿಂದ ನಿಯಮದ ಪುಸ್ತಕ ತೆಗೆದು ರೆಫರಿಯ ಮೂಗಿನ ಮುಂದೆ ಹಿಡಿಯುತ್ತಿದ್ದರು. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿದ್ದದ್ದರಿಂದ ಎದುರು ಮಾತಾಡುವವರಿಲ್ಲ. ಹೋದ ಶನಿವಾರವಂತೂ ಒಂದೇ ಒಂದು ಸರ್ವ್ ಬಗ್ಗೆ ನಲವತ್ತು ನಿಮಿಷ ವಾದ ನಡೆದು, ಹೊತ್ತು ಮುಳುಗಿ, ಎಲ್ಲರೂ ಮನೆಗೆ ಹೋದರು.

ಸೋಮವಾರ ಪ್ರಿನ್ಸಿಪಾಲ್ ಚಂದ್ರಮತಿ ಮೇಡಂ ಎಲ್ಲ ತಂಡಗಳ ನಾಯಕರನ್ನು ಕರೆಸಿದರು.

"ಈ ಶನಿವಾರ ಒಂದೇ ಒಂದು ಜಗಳವಾಗಲಿ, ನೆಟ್ ಬಿಚ್ಚಿಸಿ ಅಲ್ಲಿ ಸ್ಕೂಟರ್ ಸ್ಟ್ಯಾಂಡ್ ಕಟ್ಟಿಸ್ತೀನಿ. ಜಗಳವೇ ಆಗದ ಹಾಗೆ ನಿಯಮ ಬರೆದು ತನ್ನಿ."

"ಈಗಿರೋ ಇಪ್ಪತ್ತೇಳಕ್ಕೆ ಇನ್ನೊಂದು ನಲವತ್ತು ಸೇರಿಸೋಣ ಮೇಡಂ," ಅಂದರು ಕೊಟ್ರೇಶ್ ಸರ್ ಉತ್ಸಾಹದಿಂದ.

"ಒಂದು ಸಾಕು," ಅಂತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿ ನೋಡಿದರು. ಎರಡನೇ ಬಿ.ಎ. ಹುಲಿಗೆಮ್ಮ. ಆರ್ಟ್ಸ್ ತಂಡದ ನಾಯಕಿ. ನೆಟ್ಟಿನ ಕೆಳಗೆ ತಲೆ ಬಗ್ಗಿಸದೆ ನಡೆದು ಹೋಗುವಷ್ಟು ಕುಳ್ಳಿ.

"ಒಂದು ನಿಯಮದಲ್ಲಿ ನನ್ನ ಬಾಯಿ ಮುಚ್ಚಿಸ್ತೀಯೇನಮ್ಮಾ?" ಕೊಟ್ರೇಶ್ ಸರ್ ನಕ್ಕರು.

"ಅಯ್ಯೋ, ನಿಮ್ಮ ಬಾಯಿ ಯಾಕೆ ಮುಚ್ಚಿಸಲಿ ಸರ್? ಮರ್ಯಾದೆ ಕೊಡೋಣ ಅಂತ. ತೀರ್ಪು ತಪ್ಪು ಅನ್ನೋ ಧೈರ್ಯ ಯಾರಿಗಿರುತ್ತೆ? ನಿಯಮ ಬಲ್ಲವರಿಗೆ. ಅಂದಮೇಲೆ ಸೀಟಿ ಅವರ ಕೈಯಲ್ಲೇ ಇರಬೇಕಲ್ವಾ?"

ಕೊಟ್ರೇಶ್ ಸರ್ ಮುಖ ಅರಳಿತು. ಹುಲಿಗೆಮ್ಮ ಬರೆದಳು: "ತೀರ್ಪು ತಪ್ಪು ಅಂದವರೇ ಆ ಕ್ಷಣದಿಂದ ರೆಫರಿ. ಇನ್ನೊಬ್ಬರು ತಪ್ಪು ಅನ್ನುವವರೆಗೂ ಅವರೇ. ರೆಫರಿ ಆಡುವಂತಿಲ್ಲ."

"ಭೇಷ್! ಇಷ್ಟು ದಿನಕ್ಕೆ ಒಬ್ಬರಿಗೆ ಬುದ್ಧಿ ಬಂತು," ಅಂತ ಮೊದಲ ಸಹಿ ಹಾಕಿದವರು ಕೊಟ್ರೇಶ್ ಸರ್ರೇ.

ಶನಿವಾರ ಸೈನ್ಸಿಗೂ ಆರ್ಟ್ಸಿಗೂ ಪಂದ್ಯ. ಮೇಡಂ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಟೀ ಹಿಡಿದು ಕೂತರು. ಎತ್ತರದ ಸ್ಟೂಲಿನ ಮೇಲೆ ಹಿಸ್ಟರಿ ಮೇಷ್ಟ್ರು ಪಂಪಣ್ಣ ಸರ್, ಬೆವರು ಒರೆಸಿಕೊಳ್ಳುತ್ತಾ.

ಮೂರನೇ ಸರ್ವಿಗೇ ಕೊಟ್ರೇಶ್ ಸರ್ ಹೊಡೆದ ಚೆಂಡು ಗೆರೆಯಿಂದ ಒಂದು ಮಾರು ಆಚೆ ಬಿತ್ತು. ಪಂಪಣ್ಣ ಸರ್ ಔಟ್ ಅಂತ ಕೈ ಎತ್ತಿದರು.

"ತಪ್ಪು!"

"ತಗೊಳ್ಳಿ ಮಾರಾಯರೇ," ಅಂತ ಪಂಪಣ್ಣ ಸರ್ ಸೀಟಿ ಕೊಟ್ಟು, ಬಿಡುಗಡೆಯಾದವರಂತೆ ಕ್ಯಾಂಟೀನ್ ಕಡೆ ನಡೆದೇ ಬಿಟ್ಟರು.

ಕೊಟ್ರೇಶ್ ಸರ್ ಸಿಂಹಾಸನ ಏರುವವರ ಹಾಗೆ ಸ್ಟೂಲ್ ಏರಿದರು. "ಆ ಚೆಂಡು ಇನ್!"

"ಸರಿ ಸರ್," ಅಂದಳು ಹುಲಿಗೆಮ್ಮ.

ಐದು ನಿಮಿಷ ಬಹಳ ಚೆನ್ನಾಗಿತ್ತು. ಆಮೇಲೆ ಅವರ ಕಣ್ಣು ತಮ್ಮ ಜಾಗದ ಮೇಲೆ ಬಿತ್ತು. ಅಲ್ಲಿಗೆ ಬಿ.ಎಸ್ಸಿ. ನೀಲಾಂಬರಿ ಬಂದು, ಹಾರಿ ಹಾರಿ ಹೊಡೆಯುತ್ತಿದ್ದಳು. ಸೈನ್ಸ್ ಹುಡುಗರು ನಗುತ್ತಾ ಆಡುತ್ತಿದ್ದರು! ಕೊಟ್ರೇಶ್ ಸರ್ ಅಂಗೈ ತುರಿಸತೊಡಗಿತು.

"ನಾನು ಇಳೀಲಾ?"

"ಯಾರಾದರೂ ತಪ್ಪು ಅನ್ನಲಿ ಸರ್, ಆಗ ಇಳೀಬಹುದು," ಅಂದಳು ಹುಲಿಗೆಮ್ಮ.

ಅಷ್ಟೇ ತಾನೆ? ಮುಂದಿನ ಚೆಂಡು ಅಂಗಳದ ನಟ್ಟನಡುವೆ ಬಿತ್ತು. "ಔಟ್!" ಅಂತ ಕೂಗಿದರು.

ಪಾಯಿಂಟ್ ಕಳೆದುಕೊಂಡ ನೀಲಾಂಬರಿಯೇ ಹೇಳಿದಳು: "ಔಟೇ ಸರ್. ನಾನೇ ಕಣ್ಣಾರೆ ನೋಡಿದೆ."

ಇನ್ನೊಂದು ಚೆಂಡು ಬೇವಿನ ಮರದಲ್ಲಿ ಸಿಕ್ಕಿಕೊಂಡಿತು. "ಇನ್!"

"ಎಂಥ ಸೂಕ್ಷ್ಮ ದೃಷ್ಟಿ!" ಎರಡೂ ತಂಡದವರು ಚಪ್ಪಾಳೆ ತಟ್ಟಿದರು.

ಒಂದು ನಾಯಿ ಬಾಲ ಅಲ್ಲಾಡಿಸುತ್ತಾ ಅಂಗಳ ದಾಟಿತು. ಕೊಟ್ರೇಶ್ ಸರ್ ಜೋರಾಗಿ ಸೀಟಿ ಊದಿದರು. "ನಾಯಿ ನೆಟ್ ಮುಟ್ಟಿತು! ಆರ್ಟ್ಸಿಗೆ ಪಾಯಿಂಟ್!"

"ಅದು ನಮ್ಮ ಕಡೆಯಿಂದಲೇ ಬಂದದ್ದು ಸರ್, ನ್ಯಾಯವಾಗಿದೆ," ಅಂದರು ಸೈನ್ಸಿನವರು.

ಹುಡುಗರು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂರುವ ಹೊತ್ತಿಗೆ ಸ್ಕೋರು ಇಪ್ಪತ್ನಾಲ್ಕು, ಇಪ್ಪತ್ತಮೂರು. ಸೈನ್ಸ್ ಮುಂದೆ. ನೀಲಾಂಬರಿ ಹೊಡೆದ ಕೊನೆಯ ಚೆಂಡು ಸೊಗಸಾಗಿ ಗೆರೆಯ ಒಳಗೆ ಬಿತ್ತು. ಗೆಲುವು ಸೈನ್ಸಿನದೇ. ಆದರೆ ಕೊಟ್ರೇಶ್ ಸರ್‌ಗೆ ತಾವಿಲ್ಲದೆ ತಮ್ಮ ತಂಡ ಗೆಲ್ಲುವುದನ್ನು ನೋಡಲಾಗಲಿಲ್ಲ.

"ಔಟ್!" ಅಂದರು. ಎಲ್ಲರ ಮುಖ ನೋಡಿದರು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ಸರ್ ತಾಳ್ಮೆ ಹರಿಯಿತು. ಸ್ಟೂಲಿನ ಮೇಲೇ ಎದ್ದು ನಿಂತು ಅರಚಿದರು: "ತಪ್ಪು! ಈ ತೀರ್ಪು ಪೂರ್ತಿ ತಪ್ಪು! ಅದು ಇನ್!"

ಹುಲಿಗೆಮ್ಮ ನಿಧಾನವಾಗಿ ಬಂದು ಕೈ ಚಾಚಿದಳು. ಕೊಟ್ರೇಶ್ ಸರ್ ಸಂತೋಷದಿಂದ ಸೀಟಿ ಅವಳ ಕೈಗೆ ಹಾಕಿ ಒಂದು ಮೆಟ್ಟಿಲು ಇಳಿದೂ ಬಿಟ್ಟರು.

ಅವಳು ಸೀಟಿಯನ್ನು ದುಪಟ್ಟಾದಿಂದ ಚೆನ್ನಾಗಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವರಿಗೇ ಕೊಟ್ಟಳು.

"ತಗೊಳ್ಳಿ ಸರ್. ತಪ್ಪು ಅಂದವರೇ ಮುಂದಿನ ರೆಫರಿ."

ವರಾಂಡದಲ್ಲಿ ಮೇಡಂ ನಕ್ಕ ರಭಸಕ್ಕೆ ಟೀ ಸೀರೆಯ ಮೇಲೆ ಚೆಲ್ಲಿತು. ಕೊಟ್ರೇಶ್ ಸರ್ ಸೀಟಿ ನೋಡಿದರು, ಹುಲಿಗೆಮ್ಮನನ್ನು ನೋಡಿದರು. ಮೀಸೆ ಅದುರಿತು, ತುಟಿ ಅದುರಿತು, ಕೊನೆಗೆ ಅವರೂ ತಡೆಯಲಾರದೆ ನಕ್ಕುಬಿಟ್ಟರು. ಇಳಿದ ಮೆಟ್ಟಿಲು ಮತ್ತೆ ಹತ್ತಿ, "ಚೆಂಡು ಇನ್. ಸೈನ್ಸಿಗೆ ಗೆಲುವು!" ಅಂತ ಉದ್ದಕ್ಕೆ ಸೀಟಿ ಊದಿದರು. ಅವತ್ತು ಅವರು ಕೊಟ್ಟ ಸರಿಯಾದ ತೀರ್ಪು ಅದೊಂದೇ.

"ಒಂದು ಜಗಳವೂ ಆಗಲಿಲ್ಲ. ಅಂಗಳ ನಿಮ್ಮದೇ," ಅಂದರು ಮೇಡಂ ಕಣ್ಣೊರೆಸಿಕೊಳ್ಳುತ್ತಾ. "ಸೋತರೂ ನಿನಗೇ ಬಹುಮಾನ ಹುಲಿಗೆಮ್ಮ. ಏನು ಬೇಕು ಕೇಳು."

"ಆ ಸ್ಟೂಲಿಗೊಂದು ಮೆತ್ತನೆ ದಿಂಬು ಹಾಕಿಸಿಕೊಡಿ ಮೇಡಂ," ಅಂದಳು ಹುಲಿಗೆಮ್ಮ. "ಸರ್‌ ಲೀಗ್ ಮುಗಿಯೋವರೆಗೆ ಇನ್ನೂ ಹನ್ನೊಂದು ಶನಿವಾರ ಅಲ್ಲೇ ಕೂರಬೇಕು."