ಕಾಲು ಬಿರುಸಿಯದು, ಹೆಜ್ಜೆ ಶಾಲೆಯದು

ಮಕ್ಕಳೇ, ಬಿಳಿಗಲ್ಲು ಕಾಡಿನ ನಡುವೆ ಒಂದು ಹುಲ್ಲುಬಯಲು, ಬಯಲಿನ ಅಂಚಿಗೆ ಒಂದು ಕೊಳ. ಅಲ್ಲಿ ಜಾಂಬಯ್ಯ ಎಂಬ ಕರಡಿ ಓಟದ ಶಾಲೆ ನಡೆಸುತ್ತಿದ್ದ. ಚೆನ್ನಾಗಿ ಓಡುವವರಿಗೆ ಹುಲ್ಲು, ನೆರಳು, ಪಾಠ ಎಲ್ಲ ಪುಕ್ಕಟೆ. ಆದರೆ ಅದರ ಮೇಲೆ ಯಾರಿಂದಲೂ ಒಂದು ನೆಲ್ಲಿಕಾಯಿಯನ್ನೂ ಪಡೆಯುವಂತಿಲ್ಲ.

“ಕಲಿಯುವವರ ನಾಲಿಗೆಗೆ ರುಚಿ ಹತ್ತಬಾರದು,” ಎನ್ನುತ್ತಿದ್ದ ಜಾಂಬಯ್ಯ ಮೇಷ್ಟ್ರು, ಮೂತಿಗೆ ಅಂಟಿದ ಜೇನು ಒರೆಸಿಕೊಳ್ಳುತ್ತ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಆ ಶಾಲೆಯಲ್ಲಿ ಬಿರುಸಿ ಎಂಬ ಹುಲ್ಲೆ ಇದ್ದಳು. ಅವಳು ಓಡುವುದನ್ನು ನೋಡಲು ಕಾಡಿಗೆ ಕಾಡೇ ಬರುತ್ತಿತ್ತು. ಓಟ ಮುಗಿದ ಕೂಡಲೇ ಜಾಂಬಯ್ಯ ಹಸಿಮಣ್ಣಿನ ಬಿಲ್ಲೆಗಳನ್ನು ಸಾಲಾಗಿ ಇಡುತ್ತಿದ್ದ. ಬಿರುಸಿ ಒಂದೊಂದರ ಮೇಲೂ ಬಲಗಾಲು ಒತ್ತಬೇಕು. ನೋಡಲು ಬಂದವರು ಒಣಗಿದ ಬಿಲ್ಲೆಯನ್ನು ಮನೆಗೆ ಒಯ್ಯುತ್ತಿದ್ದರು; ಒಂದೊಂದಕ್ಕೂ ಬದಲಾಗಿ ಒಂದು ಜೇನುಹುಟ್ಟು ಮೇಷ್ಟ್ರ ಗುಹೆ ಸೇರುತ್ತಿತ್ತು. ಬಿರುಸಿಯ ಹೆಜ್ಜೆ ಇಲ್ಲದ ಗೂಡು, ಪೊಟರೆ ಆ ಕಾಡಿನಲ್ಲೇ ಇರಲಿಲ್ಲ.

ಒಂದು ದಿನ ಓಟ ಮುಗಿಸಿ ಬಂದ ಬಿರುಸಿ ಕುಂಟುತ್ತಿದ್ದಳು.

“ಮೇಷ್ಟ್ರೇ, ಬಲಗಾಲಿನ ಗೊರಸು ಸೀಳಿದೆ. ನೆಲಕ್ಕೆ ಊರಿದರೆ ಜೀವ ಹೋಗುತ್ತೆ,” ಎಂದಳು.

“ಓಟ ಅಂದಮೇಲೆ ನೋವು ಇದ್ದದ್ದೇ ಕಣಮ್ಮ. ಬೇಗ ಒತ್ತು, ಮಣ್ಣು ಒಣಗ್ತಿದೆ.”

ಬಿರುಸಿ ಒತ್ತಿದಳು. ಮುಂದಿನ ಸಲವೂ ಓಡಿದಳು, ಮತ್ತೆ ಒತ್ತಿದಳು. ಹೀಗೇ ಮೂರು ಓಟ ಕಳೆದವು. ನೋವು ತಡೆಯಲಾರದೆ ಅವಳು ಕೊಳದ ದಂಡೆಯ ಮಾಚಜ್ಜಿಯ ಬಳಿಗೆ ಹೋದಳು. ಮಾಚಜ್ಜಿ ಎಂದರೆ ಸೊಪ್ಪುಬೇರಿನ ಮದ್ದು ಅರೆಯುವ ಮುದಿ ಮುಳ್ಳುಹಂದಿ.

“ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ ಅಜ್ಜಿ.”

“ಅಯ್ಯೋ ಮಗಳೇ, ನನ್ನ ಮೊಮ್ಮಕ್ಕಳಿಗೆ ನಿನ್ನ ಹೆಜ್ಜೆ ಒಂದು ಒತ್ತಿಕೊಡು. ಅಷ್ಟೇ ಸಾಕು.”

ಬಿರುಸಿ ಒತ್ತಿಕೊಟ್ಟಳು, ಅಜ್ಜಿ ಮದ್ದು ಕಟ್ಟಿದಳು. ಇದನ್ನು ಕಂಡ ಕಾಗೆಯೊಂದು ಹಾರಿಹೋಗಿ ಜಾಂಬಯ್ಯನ ಕಿವಿ ಊದಿತು.

ಮರುದಿನ ಬಯಲಿನಲ್ಲಿ ಕಾಡೆಲ್ಲ ಸೇರಿತು. ಜಾಂಬಯ್ಯ ಗುಡುಗಿದ: “ಈ ಬಿರುಸಿ ತನ್ನ ಹೆಜ್ಜೆಯನ್ನು ಮದ್ದಿಗೆ ಮಾರಿಕೊಂಡಿದ್ದಾಳೆ! ಇವತ್ತಿನಿಂದ ಇವಳಿಗೆ ಹುಲ್ಲೂ ಇಲ್ಲ, ನೆರಳೂ ಇಲ್ಲ.”

ಎಲ್ಲರೂ ದಂಗಾದರು. “ನಮ್ಮ ಬಿರುಸಿ ಹೀಗೆ ಮಾಡಿದಳೇ?” ಎಂದು ಮೊಲಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಬಿರುಸಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಹೆಜ್ಜೆ ನನ್ನದೇ ಅಲ್ಲವೇ ಮೇಷ್ಟ್ರೇ?” ಎಂದು ಮೆಲ್ಲಗೆ ಕೇಳಿದಳು.

“ಕಾಲು ನಿನ್ನದು. ಹೆಜ್ಜೆ ಶಾಲೆಯದು!”

ಆಗ ಮಾಚಜ್ಜಿ ತನ್ನ ಬಿಲ್ಲೆಯನ್ನು ಹಿಡಿದು ಮುಂದೆ ಬಂದಳು. “ಮೊಲಮ್ಮ, ಹುಲ್ಲೆಯ ಗೊರಸಿಗೆ ಎಷ್ಟು ಭಾಗ?”

“ಎರಡು. ಅದು ಯಾರಿಗೆ ಗೊತ್ತಿಲ್ಲ?”

“ಹಾಗಾದರೆ ಇದರಲ್ಲಿ ಎಣಿಸು.”

ಮೊಲಮ್ಮ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. “ಮೂರು ಗುರುತಿದೆ!”

“ಒಂದು ಭಾಗ ಮಧ್ಯಕ್ಕೆ ಸೀಳಿದೆ ತಾಯಿ. ನಿಮ್ಮ ನಿಮ್ಮ ಮನೆಯ ಬಿಲ್ಲೆಗಳನ್ನೂ ನೋಡಿಕೊಂಡು ಬನ್ನಿ,” ಎಂದಳು ಅಜ್ಜಿ.

ಎಲ್ಲರೂ ಮನೆಗೆ ಓಡಿದರು. ಬಿಲ್ಲೆಗಳನ್ನು ಹೊತ್ತು ಮರಳಿದರು. ಕಳೆದ ಮೂರು ಓಟಗಳ ಬಿಲ್ಲೆಗಳಲ್ಲೆಲ್ಲ ಮೂರು ಗುರುತು.

“ದಿನಾ ನೋಡ್ತಿದ್ದೆ. ಬಂದವರಿಗೆಲ್ಲ ತೋರಿಸಿ ಹೆಮ್ಮೆಪಟ್ಟೆ. ಅಷ್ಟು ನೋವು ನನ್ನ ಗೋಡೆಯ ಮೇಲೇ ಇತ್ತು, ನನಗೆ ಕಾಣಲೇ ಇಲ್ಲ,” ಎಂದಳು ಮೊಲಮ್ಮ.

“ಅದು... ಮಣ್ಣಿನ ಬಿರುಕು ಅಂದುಕೊಂಡೆ,” ಎಂದು ಜಾಂಬಯ್ಯ ತೊದಲಿದ.

“ನಾನು ನಿಮಗೆ ಹೇಳಿದ್ದೆ ಮೇಷ್ಟ್ರೇ,” ಎಂದಳು ಬಿರುಸಿ.

ಮೊಲಮ್ಮ ಅಜ್ಜಿಯತ್ತ ತಿರುಗಿದಳು. “ಗುಣವಾಗುತ್ತಲ್ಲ ಅಜ್ಜಿ? ಮತ್ತೆ ಓಡ್ತಾಳಲ್ಲ?”

“ಮೊದಲ ದಿನವೇ ಬಂದಿದ್ದರೆ ಓಡುತ್ತಿದ್ದಳು,” ಎಂದಳು ಮಾಚಜ್ಜಿ. “ಇನ್ನು ನಡೆಯುತ್ತಾಳೆ. ಓಡಲಾರಳು.”

ಆಮೇಲೆ ಒಬ್ಬೊಬ್ಬರಾಗಿ ಬಿಲ್ಲೆಗಳನ್ನು ಜಾಂಬಯ್ಯನ ಮುಂದೆ ಇಟ್ಟು ನಡೆದರು. ಅವನ ಗುಹೆಯಲ್ಲಿದ್ದ ಜೇನುಹುಟ್ಟುಗಳನ್ನೆಲ್ಲ ಹೊತ್ತು ಬಿರುಸಿಯ ಮುಂದೆ ಸುರಿದರು. ಅವಳು ಅದನ್ನು ಮೂಸಿಯೂ ನೋಡಲಿಲ್ಲ; ಬಯಲನ್ನೇ ನೋಡುತ್ತ ನಿಂತಳು.

ಮುಂದಿನ ಓಟದ ದಿನ ಜಾಂಬಯ್ಯ ಹಸಿಮಣ್ಣು ಕಲಸಿಕೊಂಡು ಕಾದ. ನೋಡುವವರು ಬರಲಿಲ್ಲ. ಓಟ ಕಲಿಯುತ್ತಿದ್ದ ಮರಿಗಳು ಮಾತ್ರ ಬಂದು ಗೆರೆಯ ಮೇಲೆ ನಿಂತವು.

“ಓಡಿ, ಓಡಿ!” ಎಂದ ಜಾಂಬಯ್ಯ.

“ಓಡಿದರೆ ಹೆಜ್ಜೆ ಯಾರದು ಮೇಷ್ಟ್ರೇ?” ಎಂದು ಕೇಳಿತು ಎಲ್ಲಕ್ಕಿಂತ ಚಿಕ್ಕ ಮರಿ.

ಜಾಂಬಯ್ಯ ಮಣ್ಣಿನತ್ತ ತಿರುಗಿದ. ಮರಿಗಳು ಗೆರೆ ಬಿಟ್ಟು, ಬಯಲಿನ ಅಂಚಿನಲ್ಲಿ ಕುಂಟುತ್ತ ಹೋಗುತ್ತಿದ್ದ ಬಿರುಸಿಯ ಜೊತೆ ಅವಳಷ್ಟೇ ನಿಧಾನವಾಗಿ ನಡೆಯುತ್ತ ಹೊರಟುಹೋದವು. ಕಲಸಿಟ್ಟ ಮಣ್ಣು ಹಾಗೇ ಒಣಗಿತು.

ನೀತಿ: ದುಡಿಯುವವರಿಗೆ ಬರೀ ಹುಲ್ಲು ಹಾಕಿ ಅವರ ದುಡಿಮೆಯ ಜೇನನ್ನು ತಾನೊಬ್ಬನೇ ತಿನ್ನುವವನು, ಕೊನೆಗೆ ಜೇನನ್ನೂ ದುಡಿಯುವವರನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾನೆ.