ನೀರಂಚಿನ ಜಾಗ

"ಮಾಸ್ತರೇ, ನಾಳೆ ನನ್ನ ಜಾಗಕ್ಕೇ ಬಂದು ನಿಲ್ಲುವವ್ರಿಗೆ ನಾನೇ ಎಂತಕ್ಕೆ ಕಲಿಸೂದು?"

ಕೇಳಿದವನು ಹಮ್ಮಣ್ಣ, ಕಾಲೇಜಿನ ಕಬಡ್ಡಿ ತಂಡದ ನಾಯಕ. ಬಿ.ಎ. ಕೊನೆಯ ವರ್ಷ. ಅಂಕಣದ ಎಡಮೂಲೆ ಮೂರು ವರ್ಷಗಳಿಂದ ಅವನದೇ. ಎದುರಾಳಿ ಒಳಗೆ ಬಂದು ಕಾಲು ಚಾಚಿದನೋ ಇಲ್ಲವೋ, ಹಮ್ಮಣ್ಣನ ಎರಡೂ ಕೈ ಆ ಕಾಲಿನ ಮೇಲೆ. ಆ ಹಿಡಿತದಿಂದ ಬಿಡಿಸಿಕೊಂಡು ಹೋದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಕೇಳಿಸಿಕೊಂಡವರು ಜಟ್ಟಪ್ಪ ಮಾಸ್ತರರು. ಕಾಲೇಜಿನಲ್ಲಿ ಆಟ ಕಲಿಸುವವರು, ನಿವೃತ್ತಿಗೆ ಒಂದೇ ವರ್ಷ ಬಾಕಿ. ಹುಟ್ಟಿ ಬೆಳೆದದ್ದು ಕಡಲ ದಡದಲ್ಲಿ. ಯಾರು ಏನು ಕೇಳಿದರೂ ನೇರ ಉತ್ತರ ಕೊಡುವ ಪೈಕಿಯಲ್ಲ. ಅಂಕಣದ ಗೆರೆಗೆ ಸುಣ್ಣದ ಪುಡಿ ಹಾಕುತ್ತಿದ್ದವರು ಕೇಳಿಯೂ ಕೇಳದವರಂತೆ ಮೂಲೆಯವರೆಗೆ ಗೆರೆ ಎಳೆದು ಮುಗಿಸಿದರು.

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದಿನ ವರ್ಷ ಅಂತರಕಾಲೇಜು ಅಂತಿಮ ಪಂದ್ಯದಲ್ಲಿ ಹಿಡಿಯುವವರಿಬ್ಬರು ಮೊಣಕಾಲು ಉಳುಕಿಸಿಕೊಂಡು ಹೊರಗೆ ಕುಳಿತರು. ಅವರ ಬದಲಿಗೆ ಇಳಿಸಲು ಇದ್ದವರೆಲ್ಲ ರೇಡರ್‌ಗಳೇ. ಓಡುವುದು ಗೊತ್ತು, ಹಿಡಿಯುವುದು ಗೊತ್ತಿಲ್ಲ. ಗೆದ್ದೇ ಬಿಟ್ಟೆವು ಎಂದುಕೊಂಡಿದ್ದ ಪಂದ್ಯ ಕೈಬಿಟ್ಟು ಹೋಯಿತು. ಅದಕ್ಕೇ ಈ ವರ್ಷ ಮಾಸ್ತರರು ಮೊದಲ ವರ್ಷದವರಲ್ಲಿ ಐವರನ್ನು ಆರಿಸಿ ತಂದರು. ಐವರೂ ಹಿಡಿಯುವವರೇ, ಐವರೂ ಕಂಬದಂಥವರು. ಮಾಸ್ತರರು ತಂಡ ಕಟ್ಟುತ್ತಿದ್ದಾರೋ ಗೋಡೆ ಕಟ್ಟುತ್ತಿದ್ದಾರೋ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು.

ಆ ಐವರಿಗೆ ಹಿಡಿತ ಕಲಿಸುವ ಕೆಲಸ ಹಮ್ಮಣ್ಣನದು. ಅವನು ಕಲಿಸಿದ, ಇಲ್ಲವೆನ್ನುವಂತಿಲ್ಲ. ಕೈ ಎಲ್ಲಿ ಹಾಕಬೇಕು, ಮೈ ಹೇಗೆ ಬಾಗಬೇಕು ಎಲ್ಲ ತೋರಿಸಿದ. ಎದುರಾಳಿಯ ಕಾಲಿಗೆ ಯಾವ ಕ್ಷಣದಲ್ಲಿ ಹಾರಬೇಕು ಎಂಬುದೊಂದನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡ. ತಿಂಗಳ ಕೊನೆಗೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಇತ್ತು. ಎಡಮೂಲೆಗೆ ಅವರು ತೆಗೆದುಕೊಳ್ಳುವುದು ಒಬ್ಬನನ್ನು ಮಾತ್ರ. ಹಮ್ಮಣ್ಣನಿಗೆ ಇದೇ ಕೊನೆಯ ಅವಕಾಶ. ಐವರಲ್ಲಿ ಒಬ್ಬನಿಗೆ ಆ ಕ್ಷಣ ಸಿಕ್ಕಿಬಿಟ್ಟರೆ ತನ್ನ ಗತಿಯೇನು ಎಂದು ಅವನಿಗೆ ವಾರದಿಂದ ಊಟ ರುಚಿಸುತ್ತಿರಲಿಲ್ಲ.

ಮಾಸ್ತರರು ಸುಣ್ಣದ ಡಬ್ಬಿ ಬದಿಗಿಟ್ಟು ಅಂಕಣದ ಅಂಚಿನಲ್ಲಿ ಕುಳಿತರು. ಅವನನ್ನೂ ಕೂರಿಸಿಕೊಂಡರು. ಅವರು ಹೇಳಿದ ಕತೆ ಇದು.

ಕಡಲ ದಡದ ಒಂದು ಊರಿನಲ್ಲಿ ಒಂದು ರಂಪಣಿ ಬಲೆ ಇತ್ತು. ಊರಿಗೆ ಊರೇ ಸೇರಿ ಎಳೆಯಬೇಕಾದಷ್ಟು ದೊಡ್ಡ ಬಲೆ. ದೋಣಿಯವರು ಒಂದು ಹಗ್ಗದ ತುದಿಯನ್ನು ದಡದಲ್ಲಿ ಬಿಟ್ಟು ಹೋಗುವರು. ಮೀನಿನ ಹಿಂಡಿನ ಸುತ್ತ ಬಲೆ ಇಳಿಸುತ್ತ ಬಂದು, ಇನ್ನೊಂದು ಹಗ್ಗದ ತುದಿಯನ್ನು ದಡದ ಮತ್ತೊಂದು ಕಡೆಗೆ ತಂದು ಕೊಡುವರು. ಆಮೇಲೆ ಒಂದೊಂದು ಹಗ್ಗಕ್ಕೆ ಐವತ್ತೈವತ್ತು ಜನ.

ಎಳೆಯುವುದಕ್ಕೆ ಒಂದು ಕ್ರಮವಿತ್ತು. ಹಗ್ಗ ಹಿಡಿದವರೆಲ್ಲ ನೀರಿಗೆ ಮುಖ ಮಾಡಿ ಹಿಂದೆ ಹಿಂದೆ ನಡೆಯುವರು. ನಡೆದು ನಡೆದು ಮೇಲಿನ ಗಾಳಿಮರದ ಬುಡ ಮುಟ್ಟಿದವನು ಹಗ್ಗ ಬಿಡುವನು. ಬಿಟ್ಟವನು ಸರಸರನೆ ಇಳಿದು ಬಂದು ನೀರಂಚಿನಲ್ಲಿ ಎಲ್ಲರಿಗಿಂತ ಮುಂದೆ ಮತ್ತೆ ಹಗ್ಗ ಹಿಡಿಯುವನು. ಹೀಗೆ ಸುತ್ತು ಬರುತ್ತಿತ್ತು. ನೀರಂಚಿನಲ್ಲಿ ನಿಲ್ಲುವ ಕಷ್ಟ ಎಲ್ಲರ ಪಾಲಿಗೂ ಇತ್ತು, ಒದ್ದೆಯಾಗದೆ ಮನೆಗೆ ಹೋದವನು ಒಬ್ಬನೂ ಇರಲಿಲ್ಲ.

ಮಾಸ್ತರರೂ ಪ್ರಾಯದಲ್ಲಿ ಆ ಹಗ್ಗಕ್ಕೆ ಕೈ ಹಚ್ಚಿದವರೇ. ಹಗ್ಗ ಮುಟ್ಟಿದವರಿಗೆಲ್ಲ ಮೀನು ಸಿಗುತ್ತಿದ್ದ ಕಾಲ ಅದು. ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವನು ಚೀಲ ಕೆಳಗಿಟ್ಟು ನಾಲ್ಕು ಹೆಜ್ಜೆ ಎಳೆದರೆ ಅವನ ಕೈಗೂ ನಾಲ್ಕು ಬಂಗಡೆ. ಎಳೆಯುವಾಗ ಕೂಗುವ ಕೂಗು ಎರಡು ಊರಿನಾಚೆ ಕೇಳುತ್ತಿತ್ತಂತೆ. ಅದನ್ನು ಹೇಳುತ್ತ ಮಾಸ್ತರರು ಕತೆಯನ್ನೇ ನಿಲ್ಲಿಸಿಬಿಟ್ಟರು. ಆ ಕೂಗು ಕೇಳದೆ ಇಷ್ಟು ವರ್ಷವಾಯಿತು, ಈಗಲೂ ಬೆಳಗಾದರೆ ಕಿವಿ ಅದನ್ನೇ ಹುಡುಕುತ್ತದೆ ಎಂದರು. ಆಮೇಲೆ ಮುಂದುವರಿಸಿದರು.

ಆ ಊರಿನಲ್ಲಿ ಒಬ್ಬ ಎಳೆಗಾರನಿದ್ದ. ಬಾಗಿಲಿನಷ್ಟು ಅಗಲದ ಆಳು. ನೀರಂಚಿನ ಕೆಲಸ ಅವನಿಗೆ ಒಲಿದಷ್ಟು ಬೇರೆ ಯಾರಿಗೂ ಒಲಿದಿರಲಿಲ್ಲ. ಅಲ್ಲಿ ತೋಳಿನ ಬಲವೊಂದೇ ಸಾಲದು. ಅಲೆ ದಡಕ್ಕೆ ಬರುವಾಗ ಎಳೆಯಬೇಕು. ಅಲೆ ಹಿಂದೆ ಸರಿಯುವಾಗ ಎಳೆಯದೆ, ಬಿಡದೆ, ಹಿಡಿದು ನಿಲ್ಲಬೇಕು. ಆಗ ಎಳೆದರೆ ಬಲೆಯ ಕೆಳಗಿನ ಅಂಚು ಮರಳು ಬಿಟ್ಟು ಮೇಲೇಳುತ್ತದೆ, ಮೀನು ಅಡಿಯಿಂದ ಹೊರಟುಹೋಗುತ್ತದೆ. ಅಲೆ ಯಾವಾಗ ತಿರುಗುತ್ತದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಹಿಮ್ಮಡಿಯ ಕೆಳಗೆ ಮರಳು ಒಂದಿಷ್ಟು ಸರಿಯುತ್ತದೆ, ಅಷ್ಟೇ ಗುರುತು. ಅವನ ಕಾಲಿಗೆ ಅದು ಗೊತ್ತಾಗುತ್ತಿತ್ತು.

ಒಂದು ಸಲ ಅವನ ನಂತರ ಮುಂದೆ ಬಂದ ಹೊಸಬನೊಬ್ಬ ತಪ್ಪು ಹೊತ್ತಿನಲ್ಲಿ ಎಳೆದ. ಒಂದೆರಡು ಬುಟ್ಟಿ ಮೀನು ಹೋಯಿತು. ಎಳೆಗಾರ ಅವನನ್ನು ಹಿಂದಕ್ಕೆ ಕಳಿಸಿ ತಾನೇ ಮುಂದೆ ನಿಂತ. ಮತ್ತೆ ಹಿಂದೆ ನಡೆಯಲೇ ಇಲ್ಲ. ಅಲ್ಲೇ ಕಾಲು ಊರಿ ನಿಂತು, ಕೈ ಮೇಲೆ ಕೈ ಹಾಕಿ ಹಗ್ಗ ತೆಗೆದು ಹಿಂದಿನವರಿಗೆ ಕೊಡತೊಡಗಿದ. ಉಳಿದವರು ಅದನ್ನು ಮೇಲಕ್ಕೆ ಒಯ್ದರಾಯಿತು. ಇನ್ನೊಂದು ಹಗ್ಗದವರೂ ಅವನನ್ನು ನೋಡಿಯೇ ಎಳೆಯತೊಡಗಿದರು. ಬಲೆ ಮೊದಲಿಗಿಂತ ಬೇಗ ಬಂತು. ಬೇಡ ಎಂದವರು ಯಾರೂ ಇಲ್ಲ. ಚಡ್ಡಿ ಒದ್ದೆಯಾಗದೆ ಮೀನು ಸಿಗುವುದಾದರೆ ಯಾರಿಗೆ ಬೇಡ?

ಹೀಗೆ ವರ್ಷಗಳು ಹೋದವು. ನೀರಂಚಿನಲ್ಲಿ ನಿಂತು ಗೊತ್ತಿದ್ದ ಹಳಬರು ಒಬ್ಬೊಬ್ಬರಾಗಿ ಹಗ್ಗ ಬಿಟ್ಟರು. ಪ್ರತಿ ವರ್ಷ ಹೊಸ ಪ್ರಾಯದವರು ಹಗ್ಗಕ್ಕೆ ಬಂದರು, ಎಲ್ಲರೂ ಅವನ ಬೆನ್ನ ಹಿಂದೆ ನಿಂತರು. ದಡದಲ್ಲಿ ಬುಟ್ಟಿ ಹಿಡಿದ ಹೆಂಗಸರು, ಇವತ್ತು ಮುಂದೆ ಯಾರು ಎಂದು ಕೇಳುವುದನ್ನೂ ಬಿಟ್ಟರು. ಅವನ ಬೆನ್ನು ಕಂಡರೆ ಸಾಕು, ಬುಟ್ಟಿ ಕೆಳಗಿಟ್ಟು ನೆಮ್ಮದಿಯಿಂದ ಕೂರುವರು. ಎಳೆಗಾರನಿಗೆ ಅದು ಗೊತ್ತಿತ್ತು. ಆ ನೆಮ್ಮದಿಯ ಮೇಲೆ ಅವನಿಗೆ ಆಸೆಯೂ ಇತ್ತು.

ಬಲೆಯ ಮುಖಂಡನನ್ನು ಅಲ್ಲಿ ತಂಡೇಲ ಎನ್ನುತ್ತಾರೆ. ತಂಡೇಲನಿಗೆ ವಯಸ್ಸಾಗುತ್ತ ಬಂತು. ಎಳೆಗಾರನ ತಲೆಯಲ್ಲಿಯೂ ಬಿಳಿ ಕೂದಲು ಕಂಡಿತು. ಒಂದು ದಿನ ತಂಡೇಲ ಅವನನ್ನು ಬದಿಗೆ ಕರೆದ.

"ಈ ವರ್ಷ ಹತ್ತು ಜನ ಪ್ರಾಯದವ್ರು ಬಂದಿದ್ರು. ಒಂದೊಂದ್ಸಲ ಅವ್ರನ್ನೂ ಮುಂದೆ ಬಿಡು ಮಾರಾಯ. ನಾಲ್ಕು ಮೀನು ಹೋದ್ರೆ ಹೋಗ್ಲಿ."

"ಅವ್ರೆಲ್ಲ ನನ್ನ ಹಿಂದೆ ಇದ್ರಲ್ಲ ತಂಡೇಲ್ರೇ, ಅಷ್ಟು ಸಾಲೂದಿಲ್ವಾ?" ಎಂದ ಎಳೆಗಾರ. "ನೀವು ನಂಗೆ ಬೇರೆ ಏನೂ ಕೊಡೂದು ಬ್ಯಾಡ. ನನ್ನ ಜಾಗ ಇನ್ನೊಬ್ರಿಗೆ ಹೋಗೂದು ಬ್ಯಾಡ, ಅಷ್ಟೇ."

ಜಂಬದಿಂದ ಹೇಳಿದ ಎಂದು ತಂಡೇಲ ತಿಳಿದ. ನಿಜವಾಗಿ ಅವನಿಗಿದ್ದದ್ದು ಹೆದರಿಕೆ. ಆ ಜಾಗ ಬಿಟ್ಟರೆ ತಾನು ಐವತ್ತರಲ್ಲಿ ಒಬ್ಬ. ನಾಳೆ ಇನ್ನೊಬ್ಬನ ಬೆನ್ನು ನೋಡಿ ಹೆಂಗಸರು ಬುಟ್ಟಿ ಕೆಳಗಿಡುವುದನ್ನು ನೆನೆಸಿಕೊಳ್ಳಲೂ ಅವನಿಂದ ಆಗುತ್ತಿರಲಿಲ್ಲ. ತಂಡೇಲನಿಗೆ ಅವನನ್ನು ನೋಯಿಸಲು ಮನಸ್ಸಾಗಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಆ ವರ್ಷ ಆಶ್ವೀಜದಲ್ಲಿ ಬಂಗಡೆ ಬಂತು. ಹಿಂದೆ ಯಾರೂ ಕಂಡಿರದಷ್ಟು ಬಂತು. ದಡದಿಂದ ನೋಡಿದರೆ ಅರ್ಧ ಕಡಲು ಕಪ್ಪು. ದೋಣಿ ಸುತ್ತಿ ಬಂತು, ಹಗ್ಗಗಳು ದಡಕ್ಕೆ ಬಂದವು, ಊರಿನಲ್ಲಿ ಒಲೆ ಹೊತ್ತಿಸಿದವರೂ ಆರಿಸಿ ಓಡಿ ಬಂದರು. ಅಷ್ಟು ಭಾರದ ಬಲೆಯನ್ನು ಆ ಎಳೆಗಾರನೂ ಎಂದೂ ಎಳೆದಿರಲಿಲ್ಲ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಬಲೆ ಮುಕ್ಕಾಲು ದಾರಿ ಬಂದಿತ್ತು. ಆಗ ಅವನ ಬಲ ಹೆಗಲಿನೊಳಗೆ ಏನೋ ಕಿತ್ತುಬಂದಂತಾಯಿತು. ಕೈ ಏಳಲಿಲ್ಲ.

ಅವನು ಎಡಗೈಯಲ್ಲಿ ಹಗ್ಗ ಹಿಡಿದು ಮೊದಲ ಬಾರಿಗೆ ಹಿಂದೆ ತಿರುಗಿ ಕೂಗಿದ. ಹತ್ತೂ ಜನ ಹಾರಿ ಬಂದರು. ಒಬ್ಬೊಬ್ಬನೂ ಅವನಿಗಿಂತ ಗಟ್ಟಿ. ಬಂದವರೇ ಹಗ್ಗ ಹಿಡಿದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದರು. ಆಗ ಅಲೆ ಹಿಂದೆ ಸರಿಯುತ್ತಿತ್ತು.

ಈಗ ಬೇಡ, ನಿಲ್ಲಿ ಎಂದು ಅವನು ಕಿರುಚಿದ. ಅವರು ನಿಂತರು. ಅಷ್ಟರಲ್ಲಿ ಅಲೆ ತಿರುಗಿ ಒಳಗೆ ಬರುತ್ತಿತ್ತು. ಈಗ ಎಳೆಯಿರಿ ಎಂದ. ಅವರು ಎಳೆದರು. ಅಷ್ಟರಲ್ಲಿ ಅಲೆ ಮತ್ತೆ ಸರಿದಿತ್ತು. ಅವನ ಕಾಲಿಗೆ ಗೊತ್ತಾದದ್ದು ಬಾಯಿಗೆ ಬಂದು, ಬಾಯಿಂದ ಅವರ ಕಿವಿಗೆ ಹೋಗುವ ಹೊತ್ತಿಗೆ ಪ್ರತಿ ಸಲವೂ ತಡವಾಗುತ್ತಿತ್ತು. ಬಲೆಯ ಅಡಿ ಎದ್ದಿತು. ಒಳಗಿದ್ದ ಕಪ್ಪು ನೀರು ನೋಡುನೋಡುತ್ತ ಹೊರಗೆ ಹೋಯಿತು.

ಬಲೆ ದಡಕ್ಕೆ ಬಂದಾಗ ಅದರಲ್ಲಿ ಎರಡು ಬುಟ್ಟಿ ಮೀನು, ಒಂದಿಷ್ಟು ಏಡಿ ಇದ್ದವು. ಯಾರೂ ಯಾರನ್ನೂ ಬೈಯಲಿಲ್ಲ. ಹೆಂಗಸರು ಖಾಲಿ ಬುಟ್ಟಿ ಎತ್ತಿಕೊಂಡು ಮನೆಗೆ ಹೋದರು. ಆ ಹತ್ತು ಜನ ಮಾತ್ರ ತಪ್ಪೆಲ್ಲ ತಮ್ಮದೇ ಎಂಬಂತೆ ತಲೆ ತಗ್ಗಿಸಿ ನಿಂತಿದ್ದರು. ಎಳೆಗಾರನಿಗೆ ಮೀನು ಹೋದದ್ದಕ್ಕಿಂತ ಅದನ್ನು ನೋಡುವುದು ಕಷ್ಟವಾಯಿತು.

ಹೆಗಲು ಸರಿಯಾಗಲಿಲ್ಲ. ಮರುದಿನದಿಂದ ಅವನು ಹರಿದ ಸೀರೆಯಲ್ಲಿ ಕೈ ಕಟ್ಟಿಕೊಂಡು ದಡಕ್ಕೆ ಬಂದ, ಕಲಿಸುತ್ತೇನೆ ಎಂದ. ನಿಜವಾಗಿಯೂ ಮನಸ್ಸಿಟ್ಟು ಹೇಳಿಕೊಟ್ಟ. ಆದರೆ ಹಗ್ಗ ಹಿಡಿದು ಅವರ ಪಕ್ಕದಲ್ಲಿ ನಿಲ್ಲಲು ಅವನಿಂದ ಆಗುತ್ತಿರಲಿಲ್ಲ. ಬರೀ ಬಾಯಿಯಲ್ಲಿ ಹೇಳಿದರೆ ಬರುವ ವಿದ್ಯೆ ಅದಲ್ಲ. ಬಂದರೂ ಬರಲು ವರ್ಷ ಬೇಕು. ಹತ್ತು ಜನರಿಗೆ ಅಷ್ಟು ದಿನ ಕಾಯುವ ಹೊಟ್ಟೆ ಇರಲಿಲ್ಲ. ಬಂದರಿಗೆ ಆಗತಾನೇ ಯಂತ್ರದ ದೋಣಿಗಳು ಬಂದಿದ್ದವು, ಒಬ್ಬೊಬ್ಬರಾಗಿ ಆ ಕೆಲಸಕ್ಕೆ ಹೋದರು. ಮಾಸ್ತರರು ಓದಲು ಪೇಟೆಗೆ ಬಂದದ್ದೂ ಆ ವರ್ಷವೇ. ಮುಂದೆ ನಿಲ್ಲುವವರಿಲ್ಲದೆ ರಂಪಣಿ ಎರಡು ವರ್ಷ ಕುಂಟಿತು, ಮೂರನೆಯ ವರ್ಷ ನಿಂತಿತು. ಅದೊಂದೇ ಕಾರಣ ಎಂದರೆ ಸುಳ್ಳಾದೀತು, ಕಾಲವೂ ಬದಲಾಗಿತ್ತು. ಆದರೂ ಪಕ್ಕದ ಊರಿನ ರಂಪಣಿ ಇನ್ನೂ ಹತ್ತು ವರ್ಷ ನಡೆಯಿತು. ಗಾಳಿ ಆ ಕಡೆಯಿಂದ ಬೀಸಿದರೆ ಅವರ ಕೂಗು ಇವರಿಗೆ ಕೇಳುತ್ತಿತ್ತು. ಎಳೆಗಾರ ಅದನ್ನು ಕೇಳುತ್ತ ದಿನವೂ ಬೆಳಿಗ್ಗೆ ನೀರಂಚಿಗೆ ಹೋಗಿ, ಕಾಲು ಊರಿ ನಿಂತು, ಬಿಸಿಲೇರಿದ ಮೇಲೆ ಮನೆಗೆ ಬರುತ್ತಿದ್ದ. ಸಾಯುವ ತನಕ ಹಾಗೇ ಮಾಡಿದ.

ಮಾಸ್ತರರ ಕತೆ ಅಲ್ಲಿಗೆ ಮುಗಿಯಿತು. ಅಂಕಣದ ಆಚೆ ಬದಿಯಲ್ಲಿ ಆ ಐವರು ಒಬ್ಬರ ಕಾಲು ಒಬ್ಬರು ಹಿಡಿಯುವ ಅಭ್ಯಾಸ ಮಾಡುತ್ತಿದ್ದರು. ಹಿಡಿತ ಸರಿಯಾಗಿಯೇ ಇತ್ತು. ಹಾರುವ ಹೊತ್ತು ಮಾತ್ರ ಪ್ರತಿ ಸಲವೂ ತಪ್ಪುತ್ತಿತ್ತು, ತಪ್ಪಿದಾಗಲೆಲ್ಲ ಅವರು ಹಮ್ಮಣ್ಣನ ಕಡೆ ನೋಡುತ್ತಿದ್ದರು. ಹಮ್ಮಣ್ಣನಿಗೆ ಅವರ ಮುಖ ನೋಡಲಾಗಲಿಲ್ಲ.

"ಕಡೆಗೆ ಅವನ ಜಾಗ ಯಾರಿಗೆ ಹೋಯ್ತು ಮಾಸ್ತರೇ?" ಎಂದು ಕೇಳಿದ.

"ಯಾರಿಗೂ ಹೋಗ್ಲಿಲ್ಲ ತಮಾ, ಅವ ಕೇಳ್ಕಂಡದ್ದೂ ಅದನ್ನೇ ಅಲ್ವಾ?"